ಪೇಟಿಯ ನಾದದಿಂದ ಕೀಬೋರ್ಡಿನ ನಾದಕ್ಕೆ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಭಜನಾ ಮೇಳಗಳಲ್ಲಿ ಹಾರ್ಮೋನಿಯಮ್ಮಿಗೆ ‘ಪೇಟಿ’ ಎಂದೇ ಹೆಸರು. ಪರದೇಶದ ವಾದ್ಯವೊಂದು ನಮ್ಮ ಹೆಸರನ್ನು ತಳೆದು, ಸಿದ್ಧರಾಮನ ನಾಡಿನಲ್ಲಿ ವಚನಗಾಯನಕ್ಕೆ ಜೊತೆಯಾದುದು ಸಾಮಾನ್ಯ ಸಂಗತಿಯಲ್ಲ. ಈಗ ಅನೇಕ ಕಡೆ ಅದರ ಸ್ಥಾನದಲ್ಲಿ ವಿದ್ಯುತ್ ಕೀಬೋರ್ಡು ಕುಳಿತಿದೆ. ಎದುರಿಗಿದ್ದು ಕೇಳುವಾಗ ಹಿತವೆನಿಸುವ ಅದರ ನಾದವು ಧ್ವನಿಮುದ್ರಣದಲ್ಲಿ ತೆಳುವಾಗಿ, ತಗಡು ಬಡಿದಂತೆ ಕೇಳಿಸುವುದು ಮಕ್ಕಳ ಹಾಡನ್ನು ಮುದ್ರಿಸಿಕೊಂಡ ಶಿಕ್ಷಕಬಂಧುಗಳಿಗೆ ತಿಳಿದ ವಿಷಯವೇ. ನಾದ ಕೆಟ್ಟರೆ ಕೆಡಲಿ ಎನ್ನುವಂತಿಲ್ಲ. ಆ ಕರ್ಕಶತೆಯು ಮಗುವಿನ ಬಾಯಿಯ ಶಕಾರ, ಸಕಾರ, ಚಕಾರಗಳನ್ನು ನುಂಗಿಬಿಡುವುದು. ಮರಾಠಿಯ ನಡುವೆ ಬೆಳೆಯುವ ಮಗುವಿಗೆ ಕನ್ನಡದ ಉಚ್ಚಾರ ಕಲಿಸಲೆಂದು ಮಾಡಿದ ಮುದ್ರಣದಲ್ಲಿ ಉಚ್ಚಾರವೇ ಕೇಳದಿದ್ದರೆ ಫಲವೇನು?

ಇದರ ಕಾರಣವನ್ನು ಅರಿಯಲು ಚರಿತ್ರೆಯನ್ನು ಕೊಂಚ ನೋಡಬೇಕು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬಾತನು 1840ರ ದಶಕದಲ್ಲಿ ಹಾರ್ಮೋನಿಯಮ್ಮನ್ನು ರೂಪಿಸಿದನು. ಅದು ಕಾಲಿನಿಂದ ತುಳಿಯುವ ವಾದ್ಯ. ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವ ಪೇಟಿಯು ಕಲಕತ್ತೆಯಲ್ಲಿ ಆ ಶತಮಾನದ ಉತ್ತರಾರ್ಧದಲ್ಲಿ ಸಿದ್ಧವಾಯಿತು. ಅದರೊಳಗೆ ಗಾಳಿಯು ಹಿತ್ತಾಳೆಯ ರೀಡುಗಳ ಮೇಲೆ ಹಾಯುವುದು. ಎರಡು ಸಾಲು ರೀಡುಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ಅಂತರವಿದ್ದರೆ ನಾದದಲ್ಲಿ ಮೆಲ್ಲನೆಯ ಅಲೆಯೇಳುವುದು. ಮರದ ಪೆಟ್ಟಿಗೆಯು ಚೂಪಾದ ಅಂಚುಗಳನ್ನು ಸವೆಸುವುದು. ಮಾರ್ದವದ ಗುಟ್ಟು ಮನೆಯಲ್ಲಿರುವುದಿಲ್ಲ, ಗಾಳಿ ಮತ್ತು ಮರದಲ್ಲಿರುವುದು. (ಸ್ವರದ ಗುಂಡಿಗೆ ‘ಮನೆ’ ಎನ್ನುವುದು ವಾದಕರ ರೂಢಿ.)

1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ಗ್ರಾಮಫೋನ್ ತಟ್ಟೆಗೆ ಇಳಿದಾಗ ಮೈಕ್ ಇರಲಿಲ್ಲ, ಕಹಳೆಯೊಂದೇ ಸಾಧನ. ಅದು ಅತಿ ಮೇಲಿನ ಕಂಪನಗಳನ್ನು ಹಿಡಿಯಲಾರದೆ ಹೋದುದರಿಂದ ಕಿರುಚು ತಾನಾಗಿ ಕಳೆಯಿತು. 1925ರಿಂದ ಮೈಕ್ ಬಳಕೆಗೆ ಬಂದಿತು.

ಮುಂದೆ ಪೇಟಿಗೆ ಕಷ್ಟಕಾಲ ಬಂದಿತು. 1940ರ ಮಾರ್ಚ್ 1ರಿಂದ ಆಕಾಶವಾಣಿಯು ಅದನ್ನು ಬಹಿಷ್ಕರಿಸಿತು. 1950ರಲ್ಲಿ ಧಾರವಾಡ ಕೇಂದ್ರವು ಆರಂಭವಾದಾಗಲೂ ನಿಷೇಧವಿದ್ದಿತು. 1971ರಲ್ಲಿ ಅದು ಭಾಗಶಃ ಸಡಿಲಿತು. ಸ್ಥಿರಸ್ವರದ ವಾದ್ಯದಲ್ಲಿ ಮೀಂಡು ಬಾರದೆಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಭಜನೆಯ ಗುಡಿಯಲ್ಲಿ ಪೇಟಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಮ್ಮೆ ಪರಕೀಯವೆನಿಸಿದ ಅದೇ ನಾದವನ್ನು ಇಂದಿನ ಕೀಬೋರ್ಡು ಒಂದು ಗುಂಡಿಯಲ್ಲಿ ಅನುಕರಿಸುತ್ತಿರುವುದು ವಿನೋದವೇ ಸರಿ!

ವಿದ್ಯುತ್ ನಾದದ ಬಡತನವನ್ನು ಅಮೆರಿಕೆಯವರು ಬಹು ಬೇಗ ಕಂಡುಕೊಂಡರು. ಲಾರೆನ್ಸ್ ಹ್ಯಾಮಂಡರ ವಿದ್ಯುತ್ ಆರ್ಗನ್ 1935ರಲ್ಲಿ ಬಂದಿತು. ಅದರ ನಾದದಲ್ಲಿ ಜೀವವಿಲ್ಲವೆಂದು ಡೊನಾಲ್ಡ್ ಲೆಸ್ಲಿ ಎಂಬವರು 1940ರ ದಶಕದಲ್ಲಿ ಮರದ ಪೆಟ್ಟಿಗೆಯೊಳಗೆ ನಾದವನ್ನು ಸುತ್ತಿಸುವ ಧ್ವನಿವರ್ಧಕವನ್ನು ರಚಿಸಿದರು. ಮುದ್ರಿಸುವವರು ಮೈಕನ್ನು ಆ ಪೆಟ್ಟಿಗೆಯ ಮುಂದಿಟ್ಟರು. 1983ರ ಯಮಾಹಾ ಡಿಎಕ್ಸ್-7ರ ಕಾಲದಿಂದ ಅಂಕಗಣನೆಯ ನಾದವು ಮನೆಮಾತಾಯಿತು. ಚೂಪನ್ನು ಮೆಲ್ಲಗೆ ದುಂಡಗಾಗಿಸುತ್ತಿದ್ದ ಟೇಪೂ ಕ್ರಮೇಣ ಮರೆಯಾಯಿತು. ಈಗ ತಂತಿಯು ಕೀಬೋರ್ಡಿನಿಂದ ನೇರವಾಗಿ ಯಂತ್ರಕ್ಕೆ ಹೋಗುವುದು. ನಡುವೆ ಮರವಿಲ್ಲ, ಗಾಳಿಯಿಲ್ಲ.

ಆದುದರಿಂದ ಆ ನಡುವಣ ದಾರಿಯನ್ನು ಮರಳಿ ಕಟ್ಟಬೇಕು. ಕೀಬೋರ್ಡನ್ನು ಧ್ವನಿವರ್ಧಕಕ್ಕೆ ಜೋಡಿಸಿ, ಸುಮಾರು ಎರಡು ಅಡಿ ದೂರದಲ್ಲಿ, ಅದರ ನಡುವಿಗಲ್ಲದೆ ಅಂಚಿಗೆ ಎದುರಾಗಿ ಮೈಕನ್ನಿಡಬೇಕು. ಸಿಮೆಂಟಿನ ಕೋಣೆಯಾದರೆ ಪ್ರತಿಧ್ವನಿ ಹೆಚ್ಚು. ಅದಕ್ಕೆ ನಮ್ಮ ಊರಿನಲ್ಲೇ ಮದ್ದಿದೆ. ದಪ್ಪನೆಯ ಸೊಲ್ಲಾಪುರ ಚಾದರಗಳನ್ನು ನಾಲ್ಕಾರು ಗೋಡೆಗೆ ತೂಗುಬಿಟ್ಟರೆ ಚೂಪು ದನಿಗಳು ಅದರಲ್ಲಿ ಅಡಗುವುವು. ಎರಡು ಮೃದು ನಾದಗಳನ್ನು ಕೂಡಿಸಿ, ಒಂದರ ಶ್ರುತಿಯನ್ನು ಎಳ್ಳಷ್ಟು ಸರಿಸಿದರೆ ಪೇಟಿಯ ಅಲೆ ಮರಳುವುದು. ಟ್ರೆಬಲ್ ಕೊಂಚ ತಗ್ಗಿಸಬೇಕು; ಕೆಂಪು ದೀಪ ಹತ್ತುವಷ್ಟು ಜೋರಾಗಿ ಮುದ್ರಿಸಬಾರದು.

ಬಳಿಕ ಒಂದೇ ವಚನವನ್ನು ಎರಡು ರೀತಿಯಲ್ಲಿ ಮುದ್ರಿಸಿ, ಹಾಡದ ಮಕ್ಕಳಿಗೆ ಕೇಳಿಸಿ, ಕೇಳಿದ್ದನ್ನು ಪಾಟಿಯ ಮೇಲೆ ಬರೆಯಹೇಳಿರಿ. ಯಾವ ಮುದ್ರಣದಿಂದ ಹೆಚ್ಚು ಶಬ್ದಗಳು ಶುದ್ಧವಾಗಿ ಪಾಟಿಗಿಳಿಯುವುವೋ ಅದನ್ನು ಉಳಿಸಿಕೊಳ್ಳಿರಿ.