ಪೊರೆಯಿಂದ ಕಿರಣದವರೆಗೆ: ತಾಳ್ಯದ ಬಯಲುಸೀಮೆಯಿಂದ ಕಂಡಂತೆ ನೇತ್ರಚಿಕಿತ್ಸೆಯ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಳ್ಯವು ಮಧ್ಯ ಕರ್ನಾಟಕದ ಬಯಲುಸೀಮೆಗೆ ಸೇರಿದ ಊರು. ಕಡಿಮೆ ಮಳೆ, ತೀಕ್ಷ್ಣವಾದ ಬಿಸಿಲು, ಧೂಳು ಹೊತ್ತ ಗಾಳಿ ಇವು ಈ ಸೀಮೆಯ ಲಕ್ಷಣಗಳು. ಇಂತಹ ಪರಿಸರದಲ್ಲಿ ದಿನವಿಡೀ ಹೊಲದಲ್ಲಿ ದುಡಿಯುವ ಜನರಿಗೆ ಕಣ್ಣಿನ ಬಾಧೆಗಳು ಹೊಸವಲ್ಲ. ಕನ್ನಡದ ಆಡುಮಾತು ಈ ಬಾಧೆಗಳನ್ನು ವೈದ್ಯಶಾಸ್ತ್ರಕ್ಕಿಂತ ಮೊದಲೇ ವಿಂಗಡಿಸಿಕೊಂಡಿದೆ. ಮಸೂರ ಮಬ್ಬಾಗುವುದು ‘ಪೊರೆ’. ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ಬೆಳೆಯುವ ಮಾಂಸಲ ಪದರ ‘ದುರ್ಮಾಂಸ’. ಎ ಅನ್ನಾಂಗದ ಕೊರತೆಯಿಂದ ಸಂಜೆಯ ಬಳಿಕ ಕಾಣದಾಗುವುದು ‘ಇರುಳುಗಣ್ಣು’. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಅಸ್ಪಷ್ಟವಾಗುವುದು ‘ಚಾಳೀಸು’. ನಲವತ್ತು ಎಂಬ ಸಂಖ್ಯಾವಾಚಕವೇ ದೃಷ್ಟಿದೋಷದ ಹೆಸರಾಗಿ ನಿಂತಿರುವುದು ಗಮನಾರ್ಹ.

ಈ ಪಟ್ಟಿಗೆ ಕಳೆದ ಕೆಲವು ದಶಕಗಳಲ್ಲಿ ಸೇರಿದ ಹೊಸ ಪದ ‘ಲೇಸರ್’. ಗ್ರಾಮೀಣ ಬಳಕೆಯಲ್ಲಿ ಕಣ್ಣಿನ ಯಾವ ಆಧುನಿಕ ಶಸ್ತ್ರಚಿಕಿತ್ಸೆಯಾದರೂ ‘ಲೇಸರ್ ಆಪರೇಷನ್’ ಎಂದೇ ಕರೆಯಲ್ಪಡುತ್ತದೆ. ಒಂದೇ ಪದದ ಕೆಳಗೆ ಪರಸ್ಪರ ಭಿನ್ನವಾದ ಹಲವು ಚಿಕಿತ್ಸೆಗಳು ಅಡಗಿವೆ. ಅವುಗಳ ಚರಿತ್ರೆಯನ್ನು ಬಿಡಿಸಿ ನೋಡಿದಾಗ, ವೈದ್ಯನೇ ಹಳ್ಳಿಗೆ ಬಂದ ಕಾಲದಿಂದ ಹಳ್ಳಿಯವನೇ ಯಂತ್ರವಿರುವ ನಗರಕ್ಕೆ ಹೋಗಬೇಕಾದ ಕಾಲದವರೆಗಿನ ಪಲ್ಲಟವೊಂದು ಸ್ಪಷ್ಟವಾಗುತ್ತದೆ.

ಭಾರತೀಯ ವೈದ್ಯಪರಂಪರೆಯಲ್ಲಿ ನೇತ್ರರೋಗಗಳಿಗೆ ಪ್ರಧಾನ ಸ್ಥಾನವಿದೆ. ಸುಶ್ರುತ ಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಗಣನೆ ಮಾಡುತ್ತದೆ. ಶಲಾಕೆಯಿಂದ ಮಬ್ಬಾದ ಮಸೂರವನ್ನು ದೃಷ್ಟಿಪಥದಿಂದ ಕೆಳಕ್ಕೆ ಸರಿಸುವ ಕ್ರಮವೂ ಅಲ್ಲಿ ವರ್ಣಿತವಾಗಿದೆ. ಈ ವಿದ್ಯೆ ಮುಂದೆ ಅಲೆಮಾರಿ ಚಿಕಿತ್ಸಕರ ಕೈಯಲ್ಲಿ ಉಳಿಯಿತು. ಮಸೂರ ಸರಿದೊಡನೆ ಬೆಳಕು ಕಾಣುತ್ತಿದ್ದುದರಿಂದ ಜನ ನಂಬುತ್ತಿದ್ದರು. ಸೋಂಕು ಮತ್ತು ಒಳಒತ್ತಡದಿಂದ ಕಣ್ಣು ಕೆಡುವ ಹೊತ್ತಿಗೆ ಚಿಕಿತ್ಸಕ ಊರು ಬಿಟ್ಟಿರುತ್ತಿದ್ದ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪದ್ಧತಿಯ ದುಷ್ಪರಿಣಾಮಗಳನ್ನು ಅಧ್ಯಯನ ಮಾಡಿ ಗ್ರಂಥಸ್ಥಗೊಳಿಸಿದರು.

ಆಗ ಚಿತ್ರದುರ್ಗವು ಮೈಸೂರು ಸಂಸ್ಥಾನದ ಜಿಲ್ಲೆಯಾಗಿತ್ತು. ಸಂಸ್ಥಾನದಲ್ಲಿ ವಿಶೇಷ ನೇತ್ರಚಿಕಿತ್ಸೆಗೆ ನೆಲೆಯಾದುದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ. 1896ರಲ್ಲಿ ಚಿಕ್ಕ ಚಿಕಿತ್ಸಾಲಯವಾಗಿ ಆರಂಭಗೊಂಡ ಈ ಸಂಸ್ಥೆ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. ವೈಸ್‌ರಾಯ್ ಆಗಿದ್ದ ಲಾರ್ಡ್ ಮಿಂಟೋ ಅವರ ಹೆಸರನ್ನು ಪಡೆಯಿತು. ಆದರೆ ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್ ದೂರ. ಕಣ್ಣು ಕಾಣದ ವೃದ್ಧರಿಗೆ ಈ ಪ್ರಯಾಣವೆಂದರೆ ಜೊತೆಗೊಬ್ಬ ದುಡಿಯುವ ವ್ಯಕ್ತಿ ಹಲವು ದಿನಗಳ ಕೂಲಿಯನ್ನು ಬಿಡುವುದು. ಪೊರೆಯ ಕುರುಡುತನವನ್ನು ವಿಧಿಯೆಂದು ಒಪ್ಪಿಕೊಂಡುದರ ಹಿಂದೆ ಈ ಆರ್ಥಿಕ ಕಾರಣವೂ ಇತ್ತು.

ಈ ದೂರವನ್ನು ತಿರುವುಮುರುವು ಮಾಡಿದವರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರ ಹೆಸರು ಅಗ್ರಗಣ್ಯವಾದುದು. ಸಹಾಯಕರ ತಂಡದೊಡನೆ ಊರೂರು ಸುತ್ತಿ, ಲಭ್ಯವಿದ್ದ ಸ್ಥಳದಲ್ಲಿಯೇ ಉಚಿತ ಶಿಬಿರ ನಡೆಸುವ ಪದ್ಧತಿಯನ್ನು ಅವರು ಬೆಳೆಸಿದರು. 1993ರ ಫೆಬ್ರವರಿಯವರೆಗೆ ಅವರು 46,120 ಹಳ್ಳಿಗಳನ್ನು ಸಂದರ್ಶಿಸಿ 6,10,564 ಶಸ್ತ್ರಚಿಕಿತ್ಸೆಗಳನ್ನು ನಡೆಸಿದ್ದರೆಂದು ಗಿನ್ನೆಸ್ ದಾಖಲೆ ಪುಸ್ತಕ ನಮೂದಿಸಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪುರಸ್ಕಾರಗಳು ಅವರಿಗೆ ಸಂದವು. ಅವರು 2005ರಲ್ಲಿ ನಿಧನರಾದರು.

ಶಿಬಿರಗಳ ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ಪೂರ್ಣವಾಗಿ ತೆಗೆಯುತ್ತಿದ್ದರು. ಅದರ ಶಕ್ತಿಯನ್ನು ತುಂಬಲು ದಪ್ಪ ಗಾಜಿನ ಕನ್ನಡಕ ಅನಿವಾರ್ಯವಾಗಿತ್ತು. ಅದು ಒಡೆದರೆ ಅಥವಾ ಕಳೆದರೆ ಮರಳಿ ಮಬ್ಬು. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಕೃತಕ ಮಸೂರವನ್ನು ಕಣ್ಣಿನೊಳಗೆ ಅಳವಡಿಸಿದ್ದರೂ ಭಾರತದ ಸಾಮಾನ್ಯ ರೋಗಿಗೆ ಅದು ವ್ಯಾಪಕವಾಗಿ ದೊರೆತುದು 1990ರ ದಶಕದ ನಂತರ. ಕೃತಕ ಮಸೂರದ ಅಳವಡಿಕೆಗೆ ಸೂಕ್ಷ್ಮದರ್ಶಕ ಮತ್ತು ಕಟ್ಟುನಿಟ್ಟಾದ ನಂಜುರಹಿತ ಕೋಣೆ ಬೇಕಾದುದರಿಂದ, ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ರೂಢಿಗೆ ಬಂದಿತು. ಸುರಕ್ಷತೆಯ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಮುನ್ನಡೆ. ಆದರೆ ಚಿಕಿತ್ಸೆಯ ಸ್ಥಳ ಮತ್ತೆ ನಗರದತ್ತ ಸರಿಯಿತು.

ಲೇಸರ್ ಪ್ರವೇಶಿಸಿದುದು ಈ ಸಂದರ್ಭದಲ್ಲಿ. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ನಿರ್ಮಿಸಿದ ಕೆಲವೇ ವರ್ಷಗಳಲ್ಲಿ ಅಕ್ಷಿಪಟಲದ ಚಿಕಿತ್ಸೆಗೆ ಅದರ ಬಳಕೆ ಆರಂಭವಾಯಿತು. ಸಕ್ಕರೆ ಕಾಯಿಲೆಯಿಂದ ಹಾನಿಗೊಂಡ ಅಕ್ಷಿಪಟಲವನ್ನು ಬೆಳಕಿನಿಂದ ಸುಡುವ ಈ ಕ್ರಮ ದೃಷ್ಟಿಯನ್ನು ಉಳಿಸುತ್ತದೆಯೇ ಹೊರತು ಕನ್ನಡಕವನ್ನು ತಪ್ಪಿಸುವುದಿಲ್ಲ. ದೃಷ್ಟಿ ತಿದ್ದುವ ಲೇಸರಿನ ಮೂಲ ಬೇರೆ. 1981ರಲ್ಲಿ ಐಬಿಎಂ ಸಂಶೋಧನಾಲಯದಲ್ಲಿ ಚೆನ್ನೈ ಮೂಲದ ರಂಗಸ್ವಾಮಿ ಶ್ರೀನಿವಾಸನ್, ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರು ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಾಂಗಾಂಶವನ್ನು ಕೆತ್ತಬಲ್ಲದೆಂದು ಕಂಡುಕೊಂಡರು. 193 ನ್ಯಾನೋಮೀಟರ್ ತರಂಗಾಂತರದ ಆ ಅತಿನೇರಳೆ ಕಿರಣವನ್ನು ಪಾರಪಟಲಕ್ಕೆ (ಕಾರ್ನಿಯಾ) ಅನ್ವಯಿಸುವ ಪ್ರಯೋಗವನ್ನು 1983ರಲ್ಲಿ ಸ್ಟೀಫನ್ ಟ್ರೋಕೆಲ್ ಪ್ರಕಟಿಸಿದರು. ಪಾರಪಟಲದ ಮೇಲ್ಮೈಯನ್ನೇ ಕೆತ್ತುವ ಪಿಆರ್‌ಕೆ, ತೆಳು ಪದರವೊಂದನ್ನು ಎತ್ತಿ ಅದರಡಿಯಲ್ಲಿ ಕೆತ್ತುವ ಲ್ಯಾಸಿಕ್, ಸಣ್ಣ ಸೀಳಿನಿಂದ ಮಸೂರಾಕಾರದ ತುಣುಕನ್ನು ಹೊರತೆಗೆಯುವ ಸ್ಮೈಲ್ ಇವು ಅನಂತರದ ಮೂರು ಘಟ್ಟಗಳು. ಲ್ಯಾಸಿಕ್ ರೂಪುಗೊಂಡುದು 1990ರ ಸುಮಾರಿಗೆ ಗ್ರೀಸ್ ದೇಶದ ಇಯೊವಾನ್ನಿಸ್ ಪಲ್ಲಿಕಾರಿಸ್ ಅವರ ಪ್ರಯತ್ನದಿಂದ.

ಈ ಮೂರೂ ವಿಧಾನಗಳು ಸಮೀಪದೃಷ್ಟಿ ಮೊದಲಾದ ವಕ್ರೀಭವನ ದೋಷಗಳಿಗೆ ಮಾತ್ರ ಸಲ್ಲುತ್ತವೆ. ಸಾಮಾನ್ಯವಾಗಿ 18 ವರ್ಷ ತುಂಬಿ, ಕನ್ನಡಕದ ಸಂಖ್ಯೆ ಸ್ಥಿರವಾಗಿರಬೇಕು. ಪಾರಪಟಲ ಸಾಕಷ್ಟು ದಪ್ಪವಿರಬೇಕು. ಅದು ಶಂಕುವಿನಂತೆ ಉಬ್ಬುವ ಕಾಯಿಲೆ ಇರಬಾರದು. ಇವು ಪೊರೆಯನ್ನು ನೀಗಲಾರವು. ಒಮ್ಮೆ ತಿದ್ದಿಸಿಕೊಂಡವರಿಗೂ ನಲವತ್ತರ ಚಾಳೀಸು ತಪ್ಪದು. ಇತ್ತ ಪೊರೆಗೆ ‘ಲೇಸರ್ ಮಾಡಿಸಲಾಯಿತು’ ಎಂದು ಜನ ಹೇಳುವ ಚಿಕಿತ್ಸೆ ಬಹುಮಟ್ಟಿಗೆ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಆರಂಭಿಸಿದ ಶ್ರವಣಾತೀತ ತರಂಗದ ವಿಧಾನ. ಅಲ್ಲಿ ಮಸೂರವನ್ನು ಒಡೆಯುವುದು ಬೆಳಕಲ್ಲ, ಕಂಪನ. ಪೊರೆಯ ರೋಗಿಗೆ ಸಾಮಾನ್ಯವಾಗಿ ಎದುರಾಗುವ ನಿಜವಾದ ಲೇಸರ್, ಶಸ್ತ್ರಚಿಕಿತ್ಸೆಯಾದ ತಿಂಗಳು ಅಥವಾ ವರ್ಷಗಳ ಬಳಿಕ ಮಸೂರದ ಹಿಂಪದರ ಮಬ್ಬಾದಾಗ ಅದರಲ್ಲಿ ಕಿಂಡಿ ತೆರೆಯುವ ಯಾಗ್ ಲೇಸರ್.

ಈ ವ್ಯತ್ಯಾಸವನ್ನು ಕೇವಲ ಪದಗಳ ಗೊಂದಲವೆಂದು ತಳ್ಳಿಹಾಕಲಾಗದು. ರೋಗಿ ತಾನು ಪಡೆಯುವ ಚಿಕಿತ್ಸೆ ಯಾವುದು, ಅದರ ಮಿತಿಯೇನು ಎಂಬುದನ್ನು ಅರಿಯುವುದು ಇದನ್ನು ಅವಲಂಬಿಸಿದೆ. ಕಿರಣದ ಕೀರ್ತಿ ದೃಷ್ಟಿಹೀನತೆಯ ಮುಖ್ಯ ಕಾರಣವನ್ನು ಮರೆಮಾಡುವ ಅಪಾಯವೂ ಇದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಫಲವನ್ನು ಅಳೆದ 2015–19ರ ರಾಷ್ಟ್ರೀಯ ಸಮೀಕ್ಷೆಯು ದೇಶದಲ್ಲಿ ಅಂಧತ್ವದ ಪ್ರಮಾಣ ಶೇಕಡ 0.36 ಎಂದು ತಿಳಿಸಿತು. 50 ವರ್ಷ ಮೀರಿದವರ ಅಂಧತ್ವದಲ್ಲಿ ಶೇಕಡ 66.2ರಷ್ಟಕ್ಕೆ ಪೊರೆಯೇ ಕಾರಣವಾಗಿತ್ತು. 2024ರಲ್ಲಿ ಭಾರತವು ಟ್ರಕೋಮಾ ಎಂಬ ಸೋಂಕುರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಸ್ಥಾನದಿಂದ ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯಮಾಡಿತು. ಅದಕ್ಕೆ ಯಂತ್ರಗಳಿಗಿಂತ ಮುಖ್ಯವಾಗಿ ಬೇಕಾದುವು ಔಷಧ, ನೀರು ಮತ್ತು ಶುಚಿತ್ವ.

ವಕ್ರೀಭವನ ದೋಷಕ್ಕೂ ಇದೇ ಮಾತು ಸಲ್ಲುತ್ತದೆ. ಕರಿಹಲಗೆ ಕಾಣದೆ ಹಿಂದುಳಿಯುವ ಹಳ್ಳಿಯ ಶಾಲೆಯ ಮಗುವಿಗೆ ಲೇಸರ್ ಆ ವಯಸ್ಸಿನಲ್ಲಿ ಸಲ್ಲುವುದೇ ಇಲ್ಲ. ಬೇಕಾದುದು ಸಕಾಲದ ಪರೀಕ್ಷೆ ಮತ್ತು ಒಂದು ಕನ್ನಡಕ. ಮನೆಮನೆಗೆ ತೆರಳಿ ಕಣ್ಣು ಪರೀಕ್ಷಿಸಿ ಕನ್ನಡಕ ನೀಡುವ ಕರ್ನಾಟಕ ಸರ್ಕಾರದ ‘ಆಶಾಕಿರಣ’ ಯೋಜನೆ ಈ ದೃಷ್ಟಿಯಿಂದ ಮೋದಿಯವರ ಶಿಬಿರ ಪರಂಪರೆಯ ಮುಂದುವರಿಕೆಯಂತೆ ತೋರುತ್ತದೆ. ಅದರ ಹೆಸರಿನಲ್ಲಿಯೂ ಕಿರಣವಿದೆ. ಆದರೆ ಅದು ಯಂತ್ರದ್ದಲ್ಲ.

ಒಟ್ಟಿನಲ್ಲಿ, ಶಲಾಕೆಯಿಂದ ಎಕ್ಸೈಮರ್ ಕಿರಣದವರೆಗಿನ ಚರಿತ್ರೆ ಉಪಕರಣಗಳ ನಿಖರತೆ ಹೆಚ್ಚಿದ ಚರಿತ್ರೆ ಹೌದು. ತಾಳ್ಯದಂತಹ ಊರಿನಲ್ಲಿ ನಿಂತು ನೋಡಿದರೆ ಅದು ರೋಗಿಗೂ ಚಿಕಿತ್ಸೆಗೂ ನಡುವಿನ ದೂರವನ್ನು ಯಾರು ಕ್ರಮಿಸಬೇಕೆಂಬ ಪ್ರಶ್ನೆಯ ಚರಿತ್ರೆಯೂ ಆಗಿದೆ. ಕರ್ನಾಟಕದ ವೈದ್ಯಕೀಯ ಇತಿಹಾಸವನ್ನು ರಚಿಸುವವರು ಈ ಎರಡನ್ನೂ ಜೊತೆಯಾಗಿ ಪರಿಶೀಲಿಸುವುದು ಅಗತ್ಯ.