ಕಾರ್ಡ್‌ಲೆಸ್ ಫೋನಿನ ದನಿ ಕೆಟ್ಟ ಬಗೆಗಳು

ಮನೆಯ ಕಾರ್ಡ್‌ಲೆಸ್ ಫೋನಿನಲ್ಲಿ ಮಾತು ಸರಿಯಾಗಿ ಕೇಳದಿದ್ದರೆ ಮೊದಲು ತಿಳಿಯಬೇಕಾದದ್ದು ಅದು ಯಾವ ಕಾಲದ ಫೋನು ಎಂಬುದನ್ನು. ತರಂಗಾಂತರ ಬದಲಾದಾಗಲೆಲ್ಲ ತೊಂದರೆಯ ಮೂಲವೂ ಬದಲಾಗಿದೆ. ಒಂದು ತಲೆಮಾರಿನ ಮದ್ದು ಮುಂದಿನದಕ್ಕೆ ನಾಟುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಬಂದ ಫೋನುಗಳು 46 ಮತ್ತು 49 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತಿದ್ದವು. ಇದ್ದದ್ದು ಹತ್ತೇ ಚಾನೆಲ್. ಹಾಗಾಗಿ ಪಕ್ಕದ ಮನೆಯವರ ಸಂಭಾಷಣೆ ನಮ್ಮ ಕಿವಿಗೆ ಬೀಳುತ್ತಿತ್ತು, ನಮ್ಮದು ಅವರಿಗೆ. ಟಿ.ವಿ., ಟ್ಯೂಬ್‌ಲೈಟ್, ಮಿಕ್ಸಿಯ ಮೋಟಾರು ಎಲ್ಲವೂ ಗೊರಗೊರ ಸದ್ದು ಸೇರಿಸುತ್ತಿದ್ದವು. ಚಾನೆಲ್ ಗುಂಡಿ ಒತ್ತುವುದು, ಏರಿಯಲ್ ಪೂರ್ತಿ ಎಳೆಯುವುದು, ಬೇಸನ್ನು ಟಿ.ವಿ.ಯಿಂದ ದೂರ ಇಡುವುದು ಆಗಿನ ಚಿಕಿತ್ಸೆ.

900 ಮೆಗಾಹರ್ಟ್ಸ್ ಫೋನುಗಳು ಇನ್ನಷ್ಟು ದೂರ ತಲುಪಿದವು. ಆಮೇಲೆ ಬಂದ 2.4 ಗಿಗಾಹರ್ಟ್ಸ್ ಫೋನುಗಳು ಹೊಸ ಸಂಕಟ ತಂದವು. ಮೈಕ್ರೋವೇವ್ ಒಲೆ, ವೈಫೈ, ಬ್ಲೂಟೂತ್ ಮೂರೂ ಅದೇ ಜಾಗದಲ್ಲಿವೆ. ಒಲೆ ಹಚ್ಚಿದಾಗಲಷ್ಟೇ ಕರಕರ ಎಂದರೆ ಬೇರೆ ಪರೀಕ್ಷೆಯೇ ಬೇಡ. 5.8 ಗಿಗಾಹರ್ಟ್ಸ್ ಫೋನುಗಳು ಇದಕ್ಕೆ ಪರಿಹಾರವೆಂದು ಬಂದರೂ, ಅವುಗಳಲ್ಲಿ ಕೆಲವು ಒಂದು ದಿಕ್ಕಿನ ಮಾತನ್ನು 2.4ರಲ್ಲೇ ಕಳಿಸುತ್ತಿದ್ದವು. ನಮಗೆ ಕೇಳುವ ದನಿ ಸ್ವಚ್ಛ, ಅತ್ತ ಕಡೆಯವರಿಗೆ ಮಾತ್ರ ಗದ್ದಲ ಎಂಬ ದೂರಿಗೆ ಇದೂ ಒಂದು ಕಾರಣ. ಕೊಂಡವರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕಿತ್ತು.

ದೊಡ್ಡ ತಿರುವು ಯುರೋಪಿನ ಡೆಕ್ಟ್ ಎಂಬ ಡಿಜಿಟಲ್ ಮಾನದಂಡ. 1880ರಿಂದ 1900 ಮೆಗಾಹರ್ಟ್ಸ್ ನಡುವೆ ಹತ್ತು ವಾಹಕ ತರಂಗಗಳು, ಒಂದೊಂದರಲ್ಲಿ ಹನ್ನೆರಡು ಸಂಭಾಷಣೆಗೆ ಜಾಗ. ಖಾಲಿ ಇರುವುದನ್ನು ಫೋನೇ ಹುಡುಕಿಕೊಳ್ಳುತ್ತದೆ. ಮದ್ರಾಸ್ ಐಐಟಿಯ ಅಶೋಕ್ ಝುಂಝುನ್‌ವಾಲಾ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಕಾರ್‌ಡೆಕ್ಟ್ ಇದೇ ತಳಹದಿಯದು. ಹಳ್ಳಿಗೆ ತಂತಿ ಎಳೆಯದೆ ಫೋನು ಕೊಡಲು ಈ ತಂತ್ರವನ್ನು ಹೀಗೆ ಬಳಸಿದ್ದು ನಮ್ಮವರ ದೊಡ್ಡ ಸಾಧನೆ ಎಂದೇ ನನ್ನ ಎಣಿಕೆ.

ಡಿಜಿಟಲ್ ಆದ ಮೇಲೆ ಗೊರಗೊರ ಹೋಯಿತು, ಮಾತು ತುಂಡಾಗುವುದು ಬಂತು. ಅಕ್ಷರಗಳು ಮಾಯವಾಗಿ ನಡುನಡುವೆ ಮೌನ ಬಿದ್ದರೆ ಬೇಸಿಗೂ ಹ್ಯಾಂಡ್‌ಸೆಟ್ಟಿಗೂ ನಡುವೆ ಕಾಂಕ್ರೀಟ್ ಗೋಡೆ, ಕಬ್ಬಿಣದ ಬೀರು, ಫ್ರಿಜ್ ಇವೆಯೇ ನೋಡಬೇಕು. ಬೇಸನ್ನು ಮನೆಯ ನಡುವೆ, ಎತ್ತರದಲ್ಲಿ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಸೊರಗಿದ ಬ್ಯಾಟರಿಯೂ ಮಾತನ್ನು ಕಡಿಯುತ್ತದೆ. ಚಾರ್ಜಿಂಗ್ ತಗಡುಗಳನ್ನು ಒಣ ಬಟ್ಟೆಯಿಂದ ಒರೆಸಿ. ಆಮೇಲೂ ಚಾರ್ಜ್ ನಿಲ್ಲದಿದ್ದರೆ ಮೊದಲಿದ್ದ ಬಗೆಯದೇ ರೀಚಾರ್ಜಬಲ್ ಸೆಲ್ ಹಾಕಿ. ಸಾಮಾನ್ಯ ಸೆಲ್ ಹಾಕಿ ಚಾರ್ಜಿಗಿಟ್ಟರೆ ಸೋರಬಹುದು, ಸಿಡಿಯಲೂಬಹುದು.

ಎಲ್ಲ ತಲೆಮಾರಿಗೂ ಸಲ್ಲುವ ಪರೀಕ್ಷೆ ಒಂದಿದೆ. ತಂತಿಯ ಹಳೆಯ ಫೋನನ್ನು ಅದೇ ಸಾಕೆಟ್ಟಿಗೆ ಚುಚ್ಚಿ ಕೇಳುವುದು. ಅದರಲ್ಲೂ ಸದ್ದಿದ್ದರೆ ಕಾರ್ಡ್‌ಲೆಸ್ಸಿನ ತಪ್ಪಲ್ಲ. ಮಳೆ ಬಂದಾಗ ಹೆಚ್ಚಾಗುವ ಕರಕರ ನೀರಿಳಿದ ಜಾಯಿಂಟಿನದು, ಅದಕ್ಕೆ ಲೈನ್‌ಮನ್ನೇ ಬೇಕು. ಬ್ರಾಡ್‌ಬ್ಯಾಂಡ್ ಅದೇ ತಾಮ್ರದ ತಂತಿಯಲ್ಲಿದ್ದರೆ ಮಾತನ್ನೂ ಬ್ರಾಡ್‌ಬ್ಯಾಂಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಬಿಟ್ಟುಹೋಗಿರಬಹುದು. ಈಗ ಫೈಬರ್ ಬಂದ ಮನೆಗಳಲ್ಲಿ ಫೋನು ಮೋಡೆಮ್ಮಿಗೆ ಸೇರುತ್ತದೆ. ಅಲ್ಲಿ ತಂತಿಯ ಫೋನಿನಲ್ಲೂ ಮಾತು ತಡವಾಗಿ, ಪ್ರತಿಧ್ವನಿಯೊಂದಿಗೆ ಕೇಳಿದರೆ ಮೋಡೆಮ್ಮನ್ನು ಒಮ್ಮೆ ಆರಿಸಿ ಹಚ್ಚಿ. ಹೋಗದಿದ್ದರೆ ಸಂಪರ್ಕ ಕೊಟ್ಟವರಿಗೆ ದೂರು ಕೊಡಿ.