ತಪ್ಪನ್ನು ತಪ್ಪೆಂದು ಹೇಳುವ ಬಗೆ

‘ತಪ್ಪು’ ಎಂಬ ನಮ್ಮ ಪದಕ್ಕೆ ಬಹಳ ದೊಡ್ಡ ಹೊಟ್ಟೆ. ಲೆಕ್ಕದಲ್ಲಿ ಕೂಡಿಸಿದ್ದು ತಪ್ಪು, ಹಿರಿಯರಿಗೆ ಎದುರು ಮಾತನಾಡಿದ್ದೂ ತಪ್ಪು, ಪಂಚರ ಮುಂದೆ ದಂಡ ತೆತ್ತು ಒಪ್ಪಿಕೊಳ್ಳುವುದೂ ತಪ್ಪೇ. ಆದ್ದರಿಂದಲೇ ಕನ್ನಡದಲ್ಲಿ ಒಬ್ಬರ ಬರವಣಿಗೆಯನ್ನು ತಪ್ಪೆಂದರೆ ಅವರ ಮರ್ಯಾದೆಗೇ ಕೈ ಹಾಕಿದಂತಾಗುತ್ತದೆ. ನಮ್ಮ ಹಿಂದಿನ ಗ್ರಂಥಕರ್ತರು ಪುಸ್ತಕದ ಕೊನೆಗೆ ‘ಒಪ್ಪೋಲೆ’ ಎಂದು ಸೇರಿಸುತ್ತಿದ್ದರು. ತಪ್ಪಿನ ಪಟ್ಟಿಗೆ ಒಪ್ಪಿನ ಹೆಸರು! ಇಂಗ್ಲಿಷಿನಲ್ಲಿ ಈ ಒಂದು ಪದದ ಕೆಲಸವನ್ನು ಹಲವು ಪದಗಳು ಹಂಚಿಕೊಂಡಿವೆ. ಕೈತಪ್ಪಿಗೆ ‘ಸ್ಲಿಪ್’, ಅಚ್ಚಿನ ತಪ್ಪಿಗೆ ‘ಮಿಸ್‌ಪ್ರಿಂಟ್’, ಸಂಗತಿಯ ತಪ್ಪಿಗೆ ‘ಎರರ್’, ಕಾಲ ಮೀರಿದ ತಪ್ಪಿಗೆ ‘ಅನಾಕ್ರಾನಿಸಂ’. ಇವುಗಳಲ್ಲಿ ಯಾವುದನ್ನು ಎಲ್ಲಿ ಇಡಬೇಕೆಂಬುದನ್ನು ವ್ಯಾಕರಣ ಪುಸ್ತಕಕ್ಕಿಂತ ಚೆನ್ನಾಗಿ ನಮ್ಮ ಜಿಲ್ಲೆಯ ಇತಿಹಾಸವೇ ಕಲಿಸುತ್ತದೆ.

ಧಾರವಾಡದ ಕೋಟೆಯನ್ನೇ ನೋಡೋಣ. ಆನೆಗೊಂದಿಯ ರಾಮರಾಜನ ಅಧಿಕಾರಿಯಾದ ಧಾರರಾವ ಎಂಬವನು 1403ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಬ್ರಿಟಿಷ್ ಕಾಲದ ಇಂಗ್ಲಿಷ್ ಗ್ಯಾಝೆಟಿಯರುಗಳು ಸ್ಥಳೀಯ ಐತಿಹ್ಯವೆಂದು ದಾಖಲಿಸಿದವು. ಐತಿಹ್ಯವೆಂದು ಹೇಳಿದ ಮಟ್ಟಿಗೆ ಅದರಲ್ಲಿ ದೋಷವಿಲ್ಲ. ಮುಂದೆ ಅದನ್ನು ನಕಲು ಮಾಡಿದವರು ‘ಟ್ರೆಡಿಷನ್ ಸೇಸ್’ ಎಂಬ ಎರಡು ಪದಗಳನ್ನು ಕೈಬಿಟ್ಟರು. ಕೇಳಿದ ಮಾತು ನಡೆದ ಸಂಗತಿಯಾಗಿಬಿಟ್ಟಿತು. ವಿಜಯನಗರದಲ್ಲಿ 1403ರಲ್ಲಿ ಆಳುತ್ತಿದ್ದವನು ಎರಡನೆಯ ಹರಿಹರ. ಅಳಿಯ ರಾಮರಾಜ ಹತನಾದದ್ದು 1565ರ ರಕ್ಕಸಗಿ ತಂಗಡಗಿ ಯುದ್ಧದಲ್ಲಿ. ಇವರಿಬ್ಬರ ನಡುವೆ ನೂರರವತ್ತು ವರುಷಗಳ ಅಂತರ. ಇಂಥಲ್ಲಿ ‘ಈ ಲೇಖಕರು ಅಜ್ಞಾನಿಗಳು’ ಎಂದು ಬರೆಯುವ ಅಗತ್ಯವೇ ಇಲ್ಲ. ‘ದಿ ಟೂ ಸ್ಟೇಟ್‌ಮೆಂಟ್ಸ್ ಕೆನಾಟ್ ಬೋತ್ ಬಿ ಟ್ರೂ’ ಎಂದು ಬರೆದು ಎರಡು ಇಸವಿಗಳನ್ನು ಪಕ್ಕಪಕ್ಕಕ್ಕೆ ಇಟ್ಟರೆ ಸಾಕು. ಧಾರವಾಡದ ಹೆಸರು ಅದಕ್ಕೂ ಹಿಂದಿನ, 12ನೆಯ ಶತಮಾನದ ಶಾಸನಗಳಲ್ಲೇ ಸಿಗುವುದರಿಂದ ಧಾರರಾವನಿಂದ ಊರಿಗೆ ಹೆಸರು ಬಂತೆಂಬ ಮಾತೂ ನಿಲ್ಲುವುದಿಲ್ಲ.

ಅಣ್ಣಿಗೇರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಒಂದು ಕರಡು ಪತ್ರವನ್ನು ಕಳುಹಿಸಿದ್ದ. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಪಂಪನನ್ನು ವೆಂಗಿನಾಡಿನವನೆಂದು ಮಾತ್ರ ಬರೆದಿದ್ದಾರೆಂದು ಅವನಿಗೆ ಸಿಟ್ಟು. ಪತ್ರದ ಮೊದಲ ವಾಕ್ಯವೇ ‘ಯೂ ಆರ್ ರಾಂಗ್’. ಎರಡನೆಯದು, ಪಂಪ ಹುಟ್ಟಿದ್ದು ಅಣ್ಣಿಗೇರಿಯಲ್ಲಿ ಎಂದು. ಊರಿನ ಅಭಿಮಾನ ಒಳ್ಳೆಯದೇ. ನನಗೂ ಅದು ಇದೆ. ಆದರೆ ಪತ್ರವನ್ನು ಅಂಚೆಗೆ ಹಾಕುವ ಮೊದಲು ಶಾಸನವನ್ನು ನೋಡಬೇಕು.

ಆ ಶಾಸನವಿರುವುದು ನಮ್ಮಲ್ಲಲ್ಲ, ತೆಲಂಗಾಣದ ಕರೀಂನಗರದ ಕಡೆ ಕುರಿಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲೆ. ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಅದರಲ್ಲಿವೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅದು ಹೇಳುತ್ತದೆ. ಪಂಪನ ಹಿರಿಯರು ವೆಂಗಿನಾಡಿನವರೆಂಬುದಕ್ಕೆ ಪಂಪನ ಕಾವ್ಯವೇ ಆಧಾರ. ಈ ಶಾಸನ ಆ ಮಾತನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ತಾಯಿಯ ಕಡೆಯ ಊರನ್ನು ಕೂರಿಸುತ್ತದೆ. ಶಾಸನ ವಿದ್ವಾಂಸರ ಕೈಗೆ ಬಂದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದವರು ಅಣ್ಣಿಗೇರಿಯ ಹೆಸರೆತ್ತದಿದ್ದರೆ ಅದು ‘ಎರರ್’ ಅಲ್ಲ, ಅವರಿಗೆ ದೊರೆತಿರದ ಸಾಕ್ಷ್ಯ. ಇಂದು ಬರೆಯುವವರು ಬಿಟ್ಟರೆ ಅದು ‘ಒಮಿಷನ್’. ಇನ್ನು ಪಂಪ ಅಣ್ಣಿಗೇರಿಯಲ್ಲೇ ಹುಟ್ಟಿದನೆಂಬುದು ಊಹೆ. ಮೊದಲ ಹೆರಿಗೆ ತವರಿನಲ್ಲಿ ಎಂಬ ನಮ್ಮ ರೂಢಿಯನ್ನು ನೆನೆದರೆ ಒಪ್ಪಬಹುದಾದ ಊಹೆಯೇ. ಆದರೆ ಶಾಸನದಲ್ಲಿ ಹುಟ್ಟಿದ ಊರಿನ ಮಾತೇ ಇಲ್ಲ.

ಆದ್ದರಿಂದ ‘ಯೂ ಆರ್ ರಾಂಗ್’ ಎಂಬುದನ್ನು ಹೊಡೆದುಹಾಕಿಸಿ ‘ದಿ ಅಕೌಂಟ್ ಈಸ್ ಇನ್‌ಕಂಪ್ಲೀಟ್’ ಎಂದು ಬರೆಯಿಸಿದೆ. ‘ಯೂ’ ಹೋಯಿತೆಂದರೆ ಅರ್ಧ ಜಗಳ ಹೋದಂತೆ. ತಿದ್ದುವಾಗ ವಾಕ್ಯದ ಕರ್ತೃಪದ ಬರೆದವನಲ್ಲ, ಬರೆದದ್ದು. ಎರಡನೆಯ ವಾಕ್ಯದ ‘ವಾಸ್ ಬಾರ್ನ್’ ಜಾಗದಲ್ಲಿ ಅವನ ತಾಯಿಯ ಮನೆತನದ ಸಂಗತಿ ಬಂತು. ಹುಡುಗನಿಗೆ (ಐವತ್ತು ದಾಟಿದರೂ ನನಗೆ ಹುಡುಗನೇ) ಸ್ವಲ್ಪ ನಿರಾಸೆಯಾಯಿತು. ತಿದ್ದಲು ಹೊರಟ ಪತ್ರದಲ್ಲೇ ತಿದ್ದುವಂಥದ್ದು ಉಳಿದಿದ್ದರೆ ಪ್ರಕಾಶಕರು ಅಷ್ಟನ್ನೇ ಹಿಡಿದು ಉತ್ತರ ಕೊಡುತ್ತಿದ್ದರು. ಅಣ್ಣಿಗೇರಿಯ ಹೆಸರು ಪುಸ್ತಕದ ಹೊರಗೇ ಉಳಿಯುತ್ತಿತ್ತು.

ಈ ಭಾಷೆಯನ್ನು ಪಳಗಿಸಿದವರಲ್ಲಿ ನಮ್ಮ ಭಾಗದಲ್ಲೇ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಒಬ್ಬರು. 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿ, ದಕ್ಷಿಣ ವಿಭಾಗದ ಶಾಲಾ ತನಿಖಾಧಿಕಾರಿಯೂ ಆಗಿದ್ದವರು. ಎಂದರೆ ನಮ್ಮ ಇಲಾಖೆಯವರೇ! ನಮ್ಮ ಸೀಮೆಯ ಅರಸುಮನೆತನಗಳ ಕುರಿತ ಗ್ರಂಥವನ್ನು 1882ರಲ್ಲಿ ಪ್ರಕಟಿಸಿದರು. 1896ರಲ್ಲಿ ಅದನ್ನೇ ಗ್ಯಾಝೆಟಿಯರಿಗಾಗಿ ಪೂರ್ತಿ ತಿರುಗಿ ಬರೆದಾಗ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಬೆಳೆದಿತ್ತು. ಅವರು ಕಠಿಣರೂ ಹೌದು. ಗಂಗರ ಹಲವು ತಾಮ್ರಪಟಗಳನ್ನು ‘ಸ್ಪ್ಯೂರಿಯಸ್’, ಅಂದರೆ ಕೂಟಶಾಸನಗಳು ಎಂದುಬಿಟ್ಟರು. ಅವುಗಳನ್ನು ನೆಚ್ಚಿ ಮೈಸೂರು ಸೀಮೆಯ ಚರಿತ್ರೆ ಬರೆದ ಬಿ.ಎಲ್. ರೈಸ್ ಅವರೊಡನೆ ಬಹುಕಾಲ ವಾದ ನಡೆಯಿತು. ಆ ಒಂದು ಪದ ಬೇರೆ ಪದಗಳಂತಲ್ಲ. ‘ಎರರ್’ ಎಂದರೆ ಯಾರೋ ಎಡವಿದರು. ‘ಸ್ಪ್ಯೂರಿಯಸ್’ ಎಂದರೆ ಯಾರೋ ಬೇಕೆಂದೇ ಮಾಡಿದರು. ಗಂಗರ ಶಾಸನಗಳಲ್ಲಿ ಕೆಲವು ನೈಜವೆಂದು ಮುಂದಿನ ವಿದ್ವಾಂಸರು ಒಪ್ಪಿರುವುದನ್ನು ನೋಡಿದರೆ ಆ ಪದಕ್ಕೆ ಇನ್ನಷ್ಟು ಸಾವಕಾಶ ಬೇಕಿತ್ತೆಂದು ನನಗನ್ನಿಸುತ್ತದೆ.

ಕವಿರಾಜಮಾರ್ಗದ ವಿಷಯದಲ್ಲಿ ಫ್ಲೀಟರ ದಾರಿ ಹೆಚ್ಚು ಸೊಗಸಾದದ್ದು. ಕೆ.ಬಿ. ಪಾಠಕರು 1898ರಲ್ಲಿ ಆ ಗ್ರಂಥವನ್ನು ಸಂಪಾದಿಸಿದಾಗ ಕರ್ತೃ ನೃಪತುಂಗನೆಂದೇ ತಿಳಿದರು. 1904ರಲ್ಲಿ ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಇದನ್ನು ಪ್ರಶ್ನಿಸಿದರು. ಕೃತಿಯೇ ತನ್ನನ್ನು ನೃಪತುಂಗನಿಗೆ ‘ಅನುಮತ’ವಾದುದೆಂದು ಕರೆದುಕೊಳ್ಳುತ್ತದೆ. ಸಮ್ಮತಿ ಕೊಡುವವನು ಒಬ್ಬ, ಬರೆಯುವವನು ಇನ್ನೊಬ್ಬ ಎಂಬುದು ಅದರಿಂದ ಹೊರಡುವ ಅರ್ಥ. ಬರೆದವನು ಕವೀಶ್ವರನೆಂಬವನು ಎಂದು ಫ್ಲೀಟರು ಸೂಚಿಸಿದ್ದು ನಿಲ್ಲಲಿಲ್ಲ. ಇಂದು ಹೆಚ್ಚಿನವರು ಹೇಳುವುದು ಶ್ರೀವಿಜಯನ ಹೆಸರನ್ನು. ಆದರೆ ಪ್ರಶ್ನೆ ಮಾತ್ರ ನಿಂತಿತು. ಎದುರಾಳಿಯ ಕೈಯಲ್ಲಿರುವ ಪುಸ್ತಕದಿಂದಲೇ ಸಾಕ್ಷ್ಯ ತೆಗೆಯುವುದು ಇದರ ಗುಟ್ಟು. ‘ದಿ ಟೆಕ್ಸ್ಟ್ ಇಟ್‌ಸೆಲ್ಫ್ ಸೇಸ್’ ಎಂದು ಆರಂಭಿಸಿದ ವಾಕ್ಯಕ್ಕೆ ಸಿಟ್ಟಾಗುವುದು ಕಷ್ಟ.

ಕೆಲವು ತಪ್ಪುಗಳು ಇಸವಿಯ ಮೇಲೆ ನಿಂತಿರುತ್ತವೆ. ‘ಧಾರವಾಡ ಜಿಲ್ಲೆಯ ನರಗುಂದ’ ಎಂಬುದು 1980ರ ಜುಲೈ 21ರ ರೈತರ ಮೇಲಿನ ಗೋಲಿಬಾರಿನ ಸಂದರ್ಭದಲ್ಲಿ ಸರಿ. 1997ರಲ್ಲಿ ಗದಗ ಜಿಲ್ಲೆಯಾದ ಮೇಲಿನ ಸಂಗತಿಗೆ ತಪ್ಪು. ನವಲಗುಂದ ಇಂದಿಗೂ ನಮ್ಮಲ್ಲೇ ಇದೆ. ಇಂಗ್ಲಿಷಿನಲ್ಲಿ ಎರಡು ಹೆಸರುಗಳೂ ಒಂದೇ ತೆರನಾಗಿ ಕಾಣುವುದರಿಂದ ಒಂದರ ಬದಲು ಇನ್ನೊಂದು ಬಂದರೆ ‘ಅಪಿಯರ್ಸ್ ಟು ಬಿ ಎ ಸ್ಲಿಪ್ ಫಾರ್’ ಎಂಬಷ್ಟು ಮೆದುವಾಗಿ ಬರೆಯಬಹುದು. ಆದರೆ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಬಾಬಾಸಾಹೇಬನನ್ನು ಯಾರಾದರೂ ನವಲಗುಂದದ ಅರಸನೆಂದು ಬರೆದರೆ ಮೆದುಮಾತು ಬೇಡ. ಅಲ್ಲಿ ‘ಈಸ್ ಇನ್‌ಕರೆಕ್ಟ್’ ಎಂದೇ ಬರೆಯಬೇಕು.

ಕುಂದಗೋಳದವರಿಗೂ ಒಂದು ಮಾತು. ನಕಾಶೆಯಲ್ಲಿ ಸುತ್ತಲೂ ಬ್ರಿಟಿಷ್ ಧಾರವಾಡವಿದ್ದರೂ ನಿಮ್ಮ ಊರು 1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಸ್ವಾತಂತ್ರ್ಯಪೂರ್ವದ ಕುಂದಗೋಳವನ್ನು ಬ್ರಿಟಿಷ್ ಜಿಲ್ಲೆಯ ಊರೆಂದು ಬರೆದ ಇಂಗ್ಲಿಷ್ ಪುಸ್ತಕ ಕಂಡರೆ ಪುಟಸಂಖ್ಯೆ, ಅದರಲ್ಲಿರುವ ವಾಕ್ಯ, ಆಗಬೇಕಾದ ವಾಕ್ಯ, ಆಧಾರ ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಕಳುಹಿಸಿರಿ. ಕರಡನ್ನು ಮೊದಲು ನನಗೆ ತೋರಿಸಿದರೆ ಸಂತೋಷ. ಕೆಂಪು ಪೆನ್ನು ಇನ್ನೂ ಮೇಜಿನ ಮೇಲೆಯೇ ಇದೆ.